ಹಳೆಯ ರಾಜಧಾನಿ ಬೀದರ್: ಕೋಟೆಯಿಂದ ಆಚೆಗೆ ನೋಡಲೇಬೇಕಾದ ತಾಣಗಳು

ಬೀದರಿಗೆ ಬರುವ ಹೆಚ್ಚಿನವರು ಕೋಟೆ, ಮಹಮೂದ್ ಗವಾನನ ಮದರಸಾ, ಗುರುನಾನಕ್ ಝೀರಾ ಮತ್ತು ನರಸಿಂಹ ಝರಣಿಯನ್ನು ನೋಡಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಾರೆ. ಈ ನಾಲ್ಕೂ ನೋಡತಕ್ಕ ಸ್ಥಳಗಳೇ. ಆದರೆ ಇದು 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ರಾಜ್ಯವನ್ನು ಮುಂದಿನ ಶತಮಾನದಲ್ಲಿ ತನ್ನ ಕಡೆಗೆ ಸೆಳೆದುಕೊಂಡ ರಾಜಧಾನಿ. ಅಂಥ ಊರು ನೀರನ್ನು ಎಲ್ಲಿಂದ ಪಡೆಯಿತು, ತನ್ನ ಅರಸರನ್ನು ಎಲ್ಲಿ ಮಣ್ಣು ಮಾಡಿತು, ಅವರನ್ನು ಜನ ಹೇಗೆ ನೆನಪಿಟ್ಟುಕೊಂಡರು ಎಂಬುದನ್ನು ತಿಳಿಯಬೇಕಾದರೆ ಕೋಟೆಯ ಗೋಡೆಯನ್ನು ದಾಟಿ ಹೋಗಲೇಬೇಕು. ಒಂದೇ ದಿನ ಇರುವವರಿಗೆ ನನ್ನ ಸ್ಪಷ್ಟ ಸಲಹೆಯೆಂದರೆ, ಮೊದಲು ಅಷ್ಟೂರಿಗೆ ಹೋಗಿ, ಕೋಟೆಯನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ.

ಅಷ್ಟೂರು ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಆಟೋದಲ್ಲಿ ಸುಲಭವಾಗಿ ತಲುಪಬಹುದು. ಹೋಗುವಾಗಲೇ ಹಿಂದಿರುಗುವ ಬಾಡಿಗೆಯನ್ನೂ ಸೇರಿಸಿ ಮಾತನಾಡಿಕೊಳ್ಳುವುದು ಒಳ್ಳೆಯದು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಹೊರಗಿನಿಂದ ನೋಡಿದರೆ ಅಹಮದ್ ಷಾ ವಲಿಯ ಗೋರಿಯೂ ಉಳಿದವುಗಳಂತೆಯೇ ಕಾಣುತ್ತದೆ. ಒಳಗೆ ಕಾಲಿಟ್ಟಾಗಲೇ ಅದರ ಬೆಲೆ ತಿಳಿಯುವುದು. ಗೋಡೆಗಳಿಂದ ಗುಮ್ಮಟದ ನೆತ್ತಿಯವರೆಗೆ ಕೆಂಪು, ನೀಲಿ, ಕಪ್ಪು ನೆಲೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳು ಪಟ್ಟಿಪಟ್ಟಿಯಾಗಿ ಏರುತ್ತಾ ಹೋಗುತ್ತವೆ, ನಡುನಡುವೆ ಬಳ್ಳಿ ಹೂಗಳ ಚಿತ್ತಾರವಿದೆ, ಆ ಅಕ್ಷರಗಳಲ್ಲಿ ಇರಾನಿನ ಕಿರ್ಮಾನದ ಸೂಫಿ ಷಾ ನಿಯಾಮತುಲ್ಲಾ ವಲಿಯ ಗುರುಪರಂಪರೆಯೂ ಸೇರಿದೆ. ಆರು ಶತಮಾನಗಳ ಹಿಂದಿನ ಈ ಬಣ್ಣ ಅನೇಕ ಕಡೆ ಇನ್ನೂ ಮಾಸಿಲ್ಲ. ಒಳಗೆ ಕತ್ತಲೆಯಿರುವುದರಿಂದ ಗೋರಿಯನ್ನು ನೋಡಿಕೊಳ್ಳುವವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಛಾವಣಿಯತ್ತ ಹಾಯಿಸಿ ತೋರಿಸುವ ರೂಢಿಯಿದೆ, ಆದ್ದರಿಂದ ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಹೋಗಬೇಕು. ಫೋನಿನ ಫ್ಲ್ಯಾಷ್ ಹಚ್ಚಿ ಫೋಟೋ ತೆಗೆಯುವುದನ್ನು ದಯವಿಟ್ಟು ಬಿಡಿ. ಕನ್ನಡಿಯ ಬೆಳಕಿನಲ್ಲಿ ಕಣ್ಣಿಗೆ ಕಂಡಷ್ಟು ಚೆನ್ನಾಗಿ ಅದು ಫೋಟೋದಲ್ಲಿ ಬರುವುದೂ ಇಲ್ಲ.

ಈ ಜಾಗ ಬರೀ ಸ್ಮಾರಕವಲ್ಲ. 1422ರಿಂದ 1436ರವರೆಗೆ ಆಳಿದ ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ ಎಂದು, ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುತ್ತಾರೆ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಇಲ್ಲಿನ ಉರುಸಿನ ದಿನವನ್ನು ಹಿಂದೂ ಪಂಚಾಂಗದ ಪ್ರಕಾರವೇ ಗೊತ್ತುಮಾಡುತ್ತಾರೆ, ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಬಂದು ಸೇವೆ ಸಲ್ಲಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಬಸವಣ್ಣನವರ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ ಎಂಬುದನ್ನು ನೆನೆದರೆ ಈ ನಂಬಿಕೆ ಇಲ್ಲಿ ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಉರುಸಿನ ಸಮಯಕ್ಕೆ ಬರಲು ಸಾಧ್ಯವಾದರೆ ಖಂಡಿತ ಬನ್ನಿ. ಚಿತ್ರಗಳನ್ನು ಶಾಂತವಾಗಿ ನೋಡುವ ಆಸೆಯಿದ್ದರೆ ಮಾತ್ರ ಬೇರೆ ದಿನವೇ ಲೇಸು.

ಅದೇ ಆವರಣದಲ್ಲಿ ಸಿಡಿಲು ಬಡಿದು ಕುಸಿದ, ಬಹಮನಿ ಸುಲ್ತಾನ ಹುಮಾಯೂನ್ ಷಾನ ಗೋರಿಯಿದೆ. ಅರ್ಧ ಬಿದ್ದಿದೆಯೆಂದು ಅದನ್ನು ಬಿಟ್ಟು ಮುಂದೆ ಹೋಗುವವರು ಬಹಳ, ಆದರೆ ಗುಮ್ಮಟ ಸೀಳಿಹೋಗಿರುವುದರಿಂದಲೇ ಅದರ ಗೋಡೆಯ ದಪ್ಪವೆಷ್ಟು, ಕಮಾನು ಭಾರವನ್ನು ಹೇಗೆ ಹೊರುತ್ತದೆ ಎಂಬುದು ಇಲ್ಲಿ ಕಣ್ಣೆದುರು ಬಿಚ್ಚಿಕೊಂಡಿದೆ. ಮಕ್ಕಳನ್ನು ಕರೆತಂದವರು ಇಲ್ಲಿ ನಿಂತು ತೋರಿಸಿದರೆ ಪಾಠ ಮನಸ್ಸಿನಲ್ಲಿ ಉಳಿಯುತ್ತದೆ. ಹಿಂದಿರುಗುವ ದಾರಿಯಲ್ಲಿ ಮೆಟ್ಟಿಲುಗಳನ್ನು ಏರಿ ಚೌಖಂಡಿಯನ್ನೂ ನೋಡಬೇಕು. ನಿಯಾಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿಯಾದ ಇದು ಎಂಟು ಮೂಲೆಯ, ಎರಡು ಅಂತಸ್ತಿನ, ಮೇಲೆ ಆಕಾಶಕ್ಕೆ ತೆರೆದ ಕಟ್ಟಡ; ಬಾಗಿಲಿನ ಸುತ್ತ ಕರಿಕಲ್ಲಿನಲ್ಲಿ ಕೊರೆದ ಅಕ್ಷರಗಳಷ್ಟು ನಯವಾದ ಕೆಲಸವನ್ನು ನಾನು ಈ ಭಾಗದಲ್ಲಿ ಬೇರೆಲ್ಲೂ ಕಂಡಿಲ್ಲ.

ಬೀದರಿನದೇ ಭಾಗವಾದ ನೌಬಾದಿನ ಕರೇಜ್, ಅಂದರೆ ನೆಲದಡಿಯ ನೀರಿನ ಕಾಲುವೆ, ಕೊಡುವ ಅನುಭವ ಸಂಪೂರ್ಣ ಬೇರೆಯದು. ಜನ ಸುರಂಗ ಬಾವಿ ಎನ್ನುವ ಇದನ್ನು ನೋಡಲು ಕಣ್ಣಿಗಿಂತ ತಿಳಿವಳಿಕೆ ಹೆಚ್ಚು ಬೇಕು. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಆ ಕಲ್ಲು ಮಳೆನೀರನ್ನು ಒಳಗೆ ಇಳಿಯಗೊಡುತ್ತದೆ, ಕೆಳಗಿನ ಗಟ್ಟಿ ಕರಿಬಂಡೆ ಅದನ್ನು ತಡೆಯುತ್ತದೆ. ಎರಡೂ ಕೂಡುವಲ್ಲಿ ಹೀಗೆ ನಿಂತ ನೀರನ್ನು ತಾಯಿಬಾವಿಯಲ್ಲಿ ಹಿಡಿದು, ತುಸುವೇ ಇಳಿಜಾರಿನ ಸುರಂಗದ ಮೂಲಕ ಯಾವ ಯಂತ್ರವೂ ಇಲ್ಲದೆ ಹರಿಸಿಕೊಂಡು ಹೋಗುವ ವಿದ್ಯೆ ಇರಾನಿನಿಂದ ಬಂದದ್ದು. ದಾರಿಯುದ್ದಕ್ಕೂ ಅಲ್ಲಲ್ಲಿ ತೋಡಿದ ಬಾವಿಗಳು ಮಣ್ಣು ಹೊರತೆಗೆಯುವುದಕ್ಕೂ ಗಾಳಿ ಬೆಳಕಿಗೂ ಒದಗುತ್ತಿದ್ದವು. ಇತ್ತೀಚಿನ ದಶಕಗಳವರೆಗೆ ಮರೆತೇಹೋಗಿದ್ದ ಈ ಕಾಲುವೆಯ ಪಾತ್ರವನ್ನು ಭೂಗೋಳ ಸಂಶೋಧಕ ವಿ. ಗೋವಿಂದನ್‌ಕುಟ್ಟಿ ಅಧ್ಯಯನ ಮಾಡಿದ ಮೇಲೆ ಹೂಳೆತ್ತುವ ಕೆಲಸ ನಡೆಯಿತು. ಅಲಂಕಾರವಿಲ್ಲದ ಈ ಸುರಂಗ ನನ್ನ ಮಟ್ಟಿಗೆ ಅರಮನೆಗಳಿಗಿಂತ ದೊಡ್ಡ ಸಾಧನೆ, ಏಕೆಂದರೆ ನೀರಿಲ್ಲದಿದ್ದರೆ ಆ ಅರಮನೆಗಳಾವುವೂ ಇರುತ್ತಿರಲಿಲ್ಲ. ಗೊತ್ತಿರುವ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ತೆರೆದ ಬಾವಿಗಳ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ, ಮಳೆಗಾಲದಲ್ಲಿ ಒಳಕ್ಕೆ ಇಳಿಯುವ ಸಾಹಸ ಬೇಡ.

ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಷಾಹಿ ಮನೆತನದ ಅರಸ ಅಲಿ ಬರೀದನ ಗೋರಿ ನಗರದ ಪಶ್ಚಿಮಕ್ಕಿದೆ, ಅದಕ್ಕೆ ಸಂಜೆ ಹೊತ್ತು ಚೆಂದ. ನಾಲ್ಕೂ ಕಡೆ ಬಾಗಿಲಿಲ್ಲದ ದೊಡ್ಡ ಕಮಾನುಗಳಿರುವುದರಿಂದ ಒಳಗೆ ಗಾಳಿ ಆಡುತ್ತದೆ, ಬಣ್ಣದ ಹೆಂಚುಗಳ ಮೇಲಿನ ಪಾರಸಿ ಸಾಲುಗಳು ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಕೋಟೆಗೆ ಹೋದಾಗ ಅದೇ ಅಲಿ ಬರೀದ್ ಹೊಸದಾಗಿ ಸಿಂಗರಿಸಿದ ರಂಗೀನ್ ಮಹಲನ್ನು ಕೇಳಿ ನೋಡಿರಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ, ಕೆತ್ತಿದ ಮರದ ಕಂಬಗಳು ಅಲ್ಲಿವೆ. ಅದಕ್ಕೆ ಬೀಗ ಹಾಕಿರುವುದುಂಟು; ಕೋಟೆಯೊಳಗಿನ ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ವಿನಯದಿಂದ ವಿಚಾರಿಸಿ. ಕಲಬುರಗಿಯಿಂದ ಬರುವವರಿಗೆ 2017ರಲ್ಲಿ ಆರಂಭವಾದ ರೈಲುಮಾರ್ಗವೂ ಇದೆ, ಆದರೆ ಅಷ್ಟೂರು ಮತ್ತು ನೌಬಾದ್ ಎರಡನ್ನೂ ಅವಸರವಿಲ್ಲದೆ ನೋಡಬೇಕೆಂದರೆ ಒಂದು ರಾತ್ರಿ ಬೀದರಿನಲ್ಲೇ ಉಳಿಯಿರಿ. ಕುಡಿಯುವ ನೀರನ್ನು ಊರಿನಲ್ಲೇ ತುಂಬಿಸಿಕೊಂಡು ಹೊರಡಿ.