ಉಯುನಿಯ ಉಪ್ಪಿನ ಬಯಲಿಗೆ ಬಾಡಿಗೆ ಸೈಕಲ್: ಮೂರು ದಿನದ ಬಳಕೆಯ ನಂತರ

ಬೊಲಿವಿಯಾದ ನೈರುತ್ಯ ಭಾಗದಲ್ಲಿರುವ ಉಯುನಿ ಪಟ್ಟಣದ ಒಂದು ಸಣ್ಣ ಅಂಗಡಿಯವರು ಸೈಕಲ್ಲು, ಡೇರೆ, ನೀರಿನ ಕ್ಯಾನುಗಳು, ಜಿಪಿಎಸ್ ಉಪಕರಣ ಮತ್ತು ಕೊನೆಯ ಊರಿನಿಂದ ಮರಳಿ ಕರೆತರುವ ಜೀಪು, ಇಷ್ಟನ್ನೂ ಒಂದೇ ದರದಲ್ಲಿ ಬಾಡಿಗೆಗೆ ಕೊಡುತ್ತಾರೆ. ಕಳೆದ ಜುಲೈಯಲ್ಲಿ ನಾನೂ ನನ್ನ ಭಾವನೂ ಈ ಸೇವೆಯನ್ನು ಪಡೆದು, ಕೊಲ್ಚಾನಿ ಎಂಬ ಹಳ್ಳಿಯಿಂದ ಹೊರಟು ಇಂಕಾವಾಸಿ ದ್ವೀಪದ ಮೂಲಕ ಉತ್ತರದಂಚಿನ ತಾವಾ ಎಂಬ ಹಳ್ಳಿಯವರೆಗೆ ಮೂರು ದಿನಗಳಲ್ಲಿ ಉಪ್ಪಿನ ಬಯಲನ್ನು ದಾಟಿದೆವು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಗಾಲಿಯ ದೋಷಕ್ಕಾಗಿ ಒಂದು ಕುಟುಂಬದ ಹೊಟ್ಟೆಪಾಡಿಗೆ ಪೆಟ್ಟು ಬೀಳುವುದು ನನಗೆ ಬೇಕಿಲ್ಲ. ಅಲ್ಲಿಗೆ ಹೋಗುವವರು ಯಾವ ಅಂಗಡಿಯ ಬಾಗಿಲು ತಟ್ಟಿದರೂ ಏನನ್ನು ಕೇಳಬೇಕು, ಯಾವುದನ್ನು ಕಣ್ಣಾರೆ ನೋಡಿಕೊಳ್ಳಬೇಕು ಎಂಬುದು ತಿಳಿದಿರಲಿ ಎಂಬ ಉದ್ದೇಶದಿಂದ ಬರೆಯುತ್ತಿದ್ದೇನೆ.

ಸಾಲಾರ್ ದೆ ಉಯುನಿ ಎಂದು ಕರೆಯಲಾಗುವ ಈ ಬಯಲು ಸಮುದ್ರಮಟ್ಟದಿಂದ 3,656 ಮೀಟರ್ ಎತ್ತರದಲ್ಲಿದೆ. ಅದರ ವಿಸ್ತಾರ 10,000 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು. ಇಷ್ಟು ವಿಸ್ತಾರದಲ್ಲಿ ಏರುತಗ್ಗು ಎಂಬುದು ಒಂದು ಮೀಟರಿನ ಆಸುಪಾಸಿನಲ್ಲಿಯೇ ಉಳಿಯುವುದರಿಂದ, ಉಪಗ್ರಹಗಳು ಎತ್ತರವನ್ನು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಈ ನೆಲವನ್ನು ಬಳಸುತ್ತಾರೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುತ್ತಾ ಬೆಳೆದ ನನಗೆ ಉಪ್ಪಿನ ರಾಶಿ ಹೊಸದಲ್ಲ. ಆದರೆ ಆಗರಕ್ಕೆ ಬದುವಿರುತ್ತದೆ, ಬದುವಿನಾಚೆ ತೆಂಗಿನ ಸಾಲಿರುತ್ತದೆ. ಇಲ್ಲಿ ಕಣ್ಣು ಊರಲು ಒಂದು ಕಲ್ಲೂ ಸಿಗುವುದಿಲ್ಲ. ಉತ್ತರಕ್ಕೆ 5,000 ಮೀಟರಿಗೂ ಎತ್ತರದ ತುನುಪಾ ಜ್ವಾಲಾಮುಖಿ ಮಾತ್ರ ಗುರುತಿಗೆ ನಿಂತಿರುತ್ತದೆ, ಅದೂ ಇಡೀ ದಿನ ತುಳಿದರೂ ಬೆಳಿಗ್ಗೆ ಇದ್ದಷ್ಟೇ ದೂರದಲ್ಲಿದ್ದಂತೆ ಕಾಣುತ್ತದೆ.

ಅಂಗಡಿಯವರ ಮೊದಲ ಗುಣವೆಂದರೆ ಅವರು ಕೇಳಿದ ಕೂಡಲೇ ಸೈಕಲ್ ಕೊಡುವುದಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಊರಿಗೆ ಬಂದ ದಿನವೇ ಪೆಡಲ್ ತುಳಿಯಲು ಹೊರಟವರಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು ಬರುವುದು ಸಾಮಾನ್ಯ. ಎರಡು ರಾತ್ರಿ ಉಯುನಿಯಲ್ಲಿಯೇ ತಂಗಿ ಬರಬೇಕೆಂದು ಅಂಗಡಿಯ ಒಡತಿ ಖಡಾಖಂಡಿತವಾಗಿ ಹೇಳಿದರು. ಮೂರನೆಯ ದಿನ ಬೆಳಿಗ್ಗೆ ನಮ್ಮಿಬ್ಬರ ಬೆರಳಿಗೂ ಆಕ್ಸಿಮೀಟರ್ ಹಾಕಿ ನೋಡಿದ ನಂತರವಷ್ಟೇ ಹಣ ತೆಗೆದುಕೊಂಡರು. ಭಾವನಿಗೆ ಹಿಂದಿನ ದಿನ ತಲೆ ಭಾರವಾಗಿದ್ದುದನ್ನು ನಾವು ಹೇಳದೆಯೇ ಅವರು ಅವನ ನಡಿಗೆಯಿಂದ ಗುರುತಿಸಿ, ಕೋಕಾ ಎಲೆಯ ಕಷಾಯ ಕುಡಿಸಿ ಕೂರಿಸಿದ್ದರು. ವ್ಯಾಪಾರ ಒಂದು ದಿನ ತಡವಾದರೂ ಸರಿ, ಗಿರಾಕಿಯ ಜೀವ ಮುಖ್ಯ ಎಂದು ನಡೆದುಕೊಳ್ಳುವವರನ್ನು ಪ್ರವಾಸದ ಊರುಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಉಪ್ಪಿನ ಬಗ್ಗೆ ಅವರಿಗಿರುವ ತಿಳಿವಳಿಕೆ ಇನ್ನೂ ಬೆಲೆಯುಳ್ಳದ್ದು. ಬಯಲಿನ ನಡುಭಾಗ ಕಾಂಕ್ರೀಟಿನಂತೆ ಗಟ್ಟಿಯಿದ್ದರೂ ಅಂಚುಗಳಲ್ಲಿ ಹೆಪ್ಪು ತೆಳುವಾಗಿದ್ದು, ಅದರ ಕೆಳಗೆ ಕೆಸರಿರುತ್ತದೆ. ಆದ್ದರಿಂದ ಎಲ್ಲಿ ಬೇಕಾದರಲ್ಲಿ ಬಯಲಿಗೆ ಇಳಿಯುವಂತಿಲ್ಲ, ಎಲ್ಲಿ ಬೇಕಾದರಲ್ಲಿ ದಡ ಹತ್ತುವಂತೆಯೂ ಇಲ್ಲ. ಕೊಲ್ಚಾನಿಯ ಬಳಿ ಉಪ್ಪಿನ ಕಣ್ಣುಗಳು ಎಂದು ಅವರು ಕರೆಯುವ ತೂತುಗಳಿವೆ; ಹೆಪ್ಪಿನಡಿಯ ನೀರು ಅಲ್ಲಿ ಗುಳುಗುಳು ಎಂದು ಮೇಲಕ್ಕೆ ಉಕ್ಕುತ್ತಿರುತ್ತದೆ. ಇಳಿಯುವ ಜಾಗ, ಹತ್ತುವ ಜಾಗ, ನಡುವೆ ದೂರವಿಡಬೇಕಾದ ತೇವದ ಪಟ್ಟಿಗಳು, ಎಲ್ಲವನ್ನೂ ಜಿಪಿಎಸ್‌ನಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಆ ಗುರುತುಗಳು ಮೂರು ದಿನವೂ ಒಂದಿಷ್ಟೂ ತಪ್ಪಲಿಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಡಬೇಕು, ಮಧ್ಯಾಹ್ನದ ನಂತರ ಪಡುವಣದಿಂದ ಎದುರುಗಾಳಿ ಏಳುತ್ತದೆ ಎಂದಿದ್ದರು. ಮೊದಲ ದಿನ ಎರಡು ಗಂಟೆಗೆ ಎದ್ದ ಆ ಗಾಳಿಗೆ ನಮ್ಮ ವೇಗ ನಡಿಗೆಯ ವೇಗಕ್ಕೆ ಇಳಿದಾಗ ಆ ಮಾತಿನ ತೂಕ ತಿಳಿಯಿತು.

ಕೊಲ್ಚಾನಿಯಿಂದ ಇಂಕಾವಾಸಿಗೆ ಸುಮಾರು 70 ಕಿಲೋಮೀಟರ್. ಅದನ್ನು ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ನಾವು ಅಂಗಡಿಯವರ ಸಲಹೆಯಂತೆ ನಡುಬಯಲಿನಲ್ಲಿ ಒಂದು ರಾತ್ರಿ ಕಳೆದೆವು. ಉಪ್ಪಿನ ಮೈ ದೂರದಿಂದ ನುಣುಪಾಗಿ ಕಂಡರೂ ಹತ್ತಿರದಲ್ಲಿ ಅದು ಒಂದೆರಡು ಮೀಟರ್ ಅಗಲದ ಐದಾರು ಮೂಲೆಗಳ ಚೌಕಟ್ಟುಗಳ ಜಾಲ, ಪ್ರತಿ ಚೌಕಟ್ಟಿನ ಅಂಚಿನಲ್ಲಿಯೂ ಬೆರಳೆತ್ತರದ ದಿಂಡು. ನೆಲದಡಿಯ ಉಪ್ಪುನೀರಿನಲ್ಲಿ ಭಾರವಾದದ್ದು ಕೆಳಗಿಳಿದು ಹಗುರವಾದದ್ದು ಮೇಲೇರುವ ಸುತ್ತಾಟದಿಂದ ಈ ಆಕಾರ ಮೂಡುತ್ತದೆ ಎಂದು 2023ರಲ್ಲಿ ಪ್ರಕಟವಾದ ಭೌತವಿಜ್ಞಾನದ ಒಂದು ಅಧ್ಯಯನ ವಿವರಿಸಿದೆ. ಸವಾರನ ಪಾಲಿಗೆ ಇದರ ಅರ್ಥ, ಪ್ರತಿ ಒಂದೆರಡು ಮೀಟರಿಗೊಮ್ಮೆ ಅಂಗೈಗೆ ಒಂದು ಕುಲುಕು. ಅಂಗಡಿಯವರು ಕೊಟ್ಟಿದ್ದು 2.2 ಅಂಗುಲ ಅಗಲದ ಟೈರುಗಳು. ಗಾಳಿಯನ್ನು ಸ್ವಲ್ಪ ಇಳಿಸಿದ ಮೇಲೆ ಅವು ಈ ಹೊಡೆತವನ್ನು ಬಹುಮಟ್ಟಿಗೆ ನುಂಗಿಕೊಂಡವು. ಹುರಿದ ಹಪ್ಪಳವನ್ನು ಮುರಿದಂತಹ ಸದ್ದೊಂದು ಟೈರಿನಡಿಯಿಂದ ದಿನವಿಡೀ ಬರುತ್ತಿರುತ್ತದೆ. ನಿಂತರೆ ನಮ್ಮ ಉಸಿರಿನ ಹೊರತು ಬೇರೇನೂ ಕೇಳಿಸುವುದಿಲ್ಲ.

ಡೇರೆಯ ವಿಷಯದಲ್ಲಿ ಅವರ ಅನುಭವ ಎದ್ದು ಕಾಣುತ್ತದೆ. ಸಾಮಾನ್ಯ ಗೂಟ ಈ ನೆಲದಲ್ಲಿ ಇಳಿಯುವುದಿಲ್ಲ, ಬಾಗಿಹೋಗುತ್ತದೆ. ಅದರ ಬದಲಿಗೆ ಅವರು ಹನ್ನೆರಡು ಆರಿಂಚಿನ ಕಬ್ಬಿಣದ ಮೊಳೆಗಳನ್ನೂ ಒಂದು ಸುತ್ತಿಗೆಯನ್ನೂ ಚೀಲದಲ್ಲಿಟ್ಟಿದ್ದರು, ಬೆಳಿಗ್ಗೆ ಕೀಳಲು ಸುತ್ತಿಗೆಯ ಹಿಂಬದಿಯ ಕೊಕ್ಕೆಯೂ ಇತ್ತು. ಮೊಳೆ ಅರ್ಧ ಇಳಿದಾಗ ಉಪ್ಪು ಗಾಜಿನಂತೆ ಸೀಳಿ, ಆ ಸೀಳಿನಿಂದ ತೇವ ಒಸರಿತು. ಎರಡನೆಯ ಸಂಜೆಗೆ ಅದೇ ಮೊಳೆಗಳನ್ನು ಹೊರತೆಗೆದಾಗ ಅವುಗಳ ಮೇಲೆ ಆಗಲೇ ಕಂದು ತುಕ್ಕು ಮೂಡಿತ್ತು, ಮುಟ್ಟಿದ ಬೆರಳಿಗೆ ಅಂಟುತ್ತಿತ್ತು. ಜೀಪುಗಳ ಗಾಲಿಗುರುತಿನಿಂದ ಸಾಕಷ್ಟು ದೂರ ಡೇರೆ ಹಾಕಬೇಕೆಂಬ ಎಚ್ಚರಿಕೆಯನ್ನೂ ಅವರು ಎರಡೆರಡು ಬಾರಿ ಹೇಳಿದ್ದರು, ಏಕೆಂದರೆ ಕತ್ತಲಲ್ಲಿ ಓಡುವ ಚಾಲಕರು ಅಲ್ಲಿ ಮನುಷ್ಯರಿರಬಹುದೆಂದು ಎಣಿಸಿರುವುದಿಲ್ಲ.

ಈಗ ದೂರಿಗೆ ಬರುತ್ತೇನೆ. ಆ ರಾತ್ರಿ ನಮ್ಮ ಉಷ್ಣಮಾಪಕ ಸೊನ್ನೆಗಿಂತ 14 ಡಿಗ್ರಿ ಕೆಳಕ್ಕಿಳಿಯಿತು. ಬೆಳಿಗ್ಗೆ ಡೇರೆ ಮಡಚಿ ಸೈಕಲ್ ಹತ್ತಿ ತುಳಿದರೆ ನನ್ನ ಪೆಡಲ್ ಸುಮ್ಮನೆ ಸುತ್ತುತ್ತಿತ್ತು, ಚೈನು ಓಡುತ್ತಿತ್ತು, ಹಿಂದಿನ ಗಾಲಿ ಮಾತ್ರ ಕದಲಲಿಲ್ಲ. ಫ್ರೀವೀಲಿನ ಒಳಗಿರುವ, ಹಲ್ಲಿಗೆ ಕಚ್ಚಿಕೊಳ್ಳಬೇಕಾದ ಪುಟ್ಟ ನಾಲಗೆಗಳು ಹಳೆಯ ಗ್ರೀಸಿನಲ್ಲಿ ಹೂತು ಗಡುಸಾಗಿ ಏಳದೇ ಹೋಗಿದ್ದವು. ಫ್ಲಾಸ್ಕಿನಲ್ಲಿ ಚಹಾಕ್ಕೆಂದು ಉಳಿಸಿದ್ದ ಬಿಸಿನೀರನ್ನು ಹಬ್ಬಿನ ಮೇಲೆ ನಿಧಾನವಾಗಿ ಸುರಿದು, ಗಾಲಿಯನ್ನು ಹಿಂದೆಮುಂದೆ ತಿರುಗಿಸುತ್ತಾ ಇಪ್ಪತ್ತು ನಿಮಿಷ ಕೂತ ಮೇಲೆ ಟಿಕ್ ಎಂಬ ಸದ್ದು ಮರಳಿ ಬಂತು. ಒಳಗಿನಿಂದ ಹೊರಬಂದ ನೀರು ಕಪ್ಪಾಗಿತ್ತು, ಅದರಲ್ಲಿ ಉಪ್ಪಿನ ಹರಳುಗಳಿದ್ದವು. ಅಂದರೆ ಹಿಂದಿನ ಹಲವು ಬಾಡಿಗೆಗಳ ಉಪ್ಪು ಒಳಗೇ ಉಳಿದಿತ್ತು. ಕಡಲತೀರದ ನಮ್ಮ ಮನೆಯಲ್ಲಿ ಸೈಕಲ್ಲಿನ ರಿಮ್ಮು ಎರಡು ಮಳೆಗಾಲ ದಾಟಿದರೆ ಹೆಚ್ಚು. ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆಂಬುದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಉಪ್ಪಿನ ಮೇಲೆಯೇ ದುಡಿಯುವ ಅಂಗಡಿಯವರು ಇದನ್ನು ಬಿಟ್ಟಿದ್ದು ನನಗೆ ನಿಜಕ್ಕೂ ನೋವಾಯಿತು. ಹೊರಮೈ ತೊಳೆದು ಚೈನಿಗೆ ಎಣ್ಣೆ ಬಿಟ್ಟರೆ ಸೈಕಲ್ಲು ಹೊಳೆಯುತ್ತದೆ, ಆದರೆ ಆ ಬಯಲಿನ ನಡುವೆ ಮನುಷ್ಯನನ್ನು ದಡ ಮುಟ್ಟಿಸುವುದು ಒಳಗಿನ ಬೇರಿಂಗು. ನಮ್ಮ ಬಳಿ ಬಿಸಿನೀರು ಇಲ್ಲದೇ ಹೋಗಿದ್ದರೆ 25 ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆಯಬೇಕಿತ್ತು.

ನೀರನ್ನು ಅವರು ಧಾರಾಳವಾಗಿ ಕೊಡುತ್ತಾರೆ: ತಲೆಗೆ ಮೂರು ದಿನಕ್ಕೆ 15 ಲೀಟರ್, ಐದೈದು ಲೀಟರಿನ ಕ್ಯಾನುಗಳಲ್ಲಿ. ರಾತ್ರಿ ಬಾಟಲಿಗಳನ್ನು ತಲೆಕೆಳಗಾಗಿ ಇಡಬೇಕು, ಮಂಜುಗಡ್ಡೆ ಮೇಲ್ಭಾಗದಿಂದ ಕಟ್ಟುವುದರಿಂದ ಬಾಯಿ ಮುಚ್ಚಿಹೋಗುವುದಿಲ್ಲ ಎಂಬುದನ್ನು ಒಡತಿಯ ಮಗ ತೋರಿಸಿಕೊಟ್ಟ. ಊಟದ ಪೊಟ್ಟಣ ಮಾತ್ರ ಸಾಧಾರಣ. ಅದರಲ್ಲಿದ್ದ ಕಿನೋವಾ ಚೆನ್ನಾಗಿತ್ತು. ಈ ಬಯಲಿನ ಅಂಚಿನ ಹೊಲಗಳಲ್ಲಿಯೇ ಬೆಳೆಯುವ ದೊಡ್ಡ ಕಾಳಿನ ತಳಿ ಅದು. ಆದರೆ ನೀರು ಸುಮಾರು 88 ಡಿಗ್ರಿಯಲ್ಲಿಯೇ ಕುದಿಯುವ ಎತ್ತರದಲ್ಲಿ ಒಣಗಿದ ಬಟಾಣಿಯನ್ನು ಪ್ರೆಶರ್ ಕುಕ್ಕರ್ ಇಲ್ಲದೆ ಬೇಯಿಸಲು ಕೊಡುವುದು ಇಂಧನವನ್ನು ವ್ಯರ್ಥ ಮಾಡಿದಂತೆ. ನಾವು ಊರಿನಿಂದ ಒಯ್ದಿದ್ದ ಅವಲಕ್ಕಿ ಮತ್ತು ಹುರಿಹಿಟ್ಟು ಎರಡು ಹೊತ್ತನ್ನು ಕಾಪಾಡಿದವು. ಮಾಂಸ ತಿನ್ನದವರು ಮೊದಲೇ ತಿಳಿಸದಿದ್ದರೆ ಪೊಟ್ಟಣದಲ್ಲಿ ಲಾಮಾದ ಒಣಮಾಂಸ ಇರುತ್ತದೆ.

ಬಿಸಿಲಿನ ಬಗ್ಗೆ ಅಂಗಡಿಯವರು ಇನ್ನೂ ಒತ್ತಿ ಹೇಳಬೇಕಿತ್ತು. ಅಲ್ಲಿ ಬೆಳಕು ಮೇಲಿನಿಂದ ಬಿದ್ದಷ್ಟೇ ಕೆಳಗಿನಿಂದಲೂ ಎದ್ದು ಬರುತ್ತದೆ. ಟೊಪ್ಪಿಗೆ, ಕಪ್ಪು ಕನ್ನಡಕ ಎರಡೂ ಇದ್ದರೂ ಭಾವನ ಗದ್ದದಡಿಯ ಮತ್ತು ಮೂಗಿನ ಹೊಳ್ಳೆಯ ಚರ್ಮ ಸುಲಿಯಿತು. ಬದಿ ಮುಚ್ಚುವ ಕನ್ನಡಕ ಮತ್ತು ತುಟಿಗೆ ಹಚ್ಚುವ ಮುಲಾಮನ್ನು ಬಾಡಿಗೆಯ ಸಾಮಾನಿನಲ್ಲಿಯೇ ಸೇರಿಸಿದರೆ ಒಳ್ಳೆಯದು.

ಇಂಕಾವಾಸಿಯ ಬಗ್ಗೆ ಬರೆದು ಮುಗಿಯುವುದಿಲ್ಲ. ಹಿಂದೆ ಇಡೀ ಬಯಲು ಸರೋವರವಾಗಿದ್ದಾಗ ನೀರಿನಡಿ ಮುಳುಗಿದ್ದ ಜ್ವಾಲಾಮುಖಿಯ ನೆತ್ತಿ ಅದು. ಅದರ ಮೈತುಂಬ ಮನುಷ್ಯನ ಹಲವು ಪಟ್ಟು ಎತ್ತರದ ಕಳ್ಳಿಗಳು ನಿಂತಿವೆ. ಅಲ್ಲಿ ಶೌಚಾಲಯವಿದೆ, ಸಣ್ಣ ಅಂಗಡಿಯಿದೆ, ಪ್ರವೇಶ ಶುಲ್ಕವಿದೆ. ಆ ಶುಲ್ಕ ನಮ್ಮ ಬಾಡಿಗೆಯಲ್ಲಿ ಸೇರಿಲ್ಲವೆಂಬುದನ್ನು ಮೊದಲೇ ಹೇಳಿದ್ದರು. ದಿನವಿಡೀ ಬಿಳಿಯನ್ನೇ ನೋಡಿದ ಕಣ್ಣಿಗೆ ಆ ಕಳ್ಳಿಗಳ ಹಸಿರು ಎಷ್ಟು ಬೇಕಾಗಿತ್ತೆಂಬುದು ಅದರ ನೆರಳಿನಲ್ಲಿ ಕೂತಾಗ ಅರಿವಾಯಿತು. ಅಲ್ಲಿಂದ ತಾವಾಗೆ ಸುಮಾರು 40 ಕಿಲೋಮೀಟರ್, ತುನುಪಾದ ಬುಡಕ್ಕೆ ನೇರ ದಾರಿ. ಜೀಪು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದು ನಿಂತಿತ್ತು.

ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆಯ ನೀರು ನಿಂತು ಬಯಲು ಕನ್ನಡಿಯಾಗುವ ತಿಂಗಳುಗಳಲ್ಲಿ ಈ ಅಂಗಡಿಯವರು ಸೈಕಲ್ ಕೊಡುವುದಿಲ್ಲ. ಚಿತ್ರಗಳಲ್ಲಿ ಕಾಣುವ ಆ ಕನ್ನಡಿಯ ಮೇಲೆ ಸೈಕಲ್ ಓಡಿಸುವ ಆಸೆಯಿಂದ ಬರುವವರು ನಿರಾಶರಾಗುತ್ತಾರೆ, ಆದರೆ ಆ ಉಪ್ಪುನೀರು ಸೈಕಲ್ಲಿಗೂ ಸವಾರನಿಗೂ ಏನು ಮಾಡುತ್ತದೆಂಬುದನ್ನು ನೋಡಿದರೆ ಅವರ ನಿರ್ಧಾರ ಸರಿ. ಮೇ ತಿಂಗಳಿನಿಂದ ನವೆಂಬರಿನವರೆಗೆ ಹೋಗಬಹುದು. ಚಳಿ ತಡೆಯದವರು ಜೂನ್, ಜುಲೈ, ಆಗಸ್ಟನ್ನು ಬಿಡಲಿ.

ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕವೂ ಆ ಹಿಂದಿನ ಗಾಲಿಗಾಗಿಯೇ. ಹೊರಡುವ ಮುನ್ನ ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿ ನೋಡಿ, ಟಿಕ್ ಟಿಕ್ ಎಂಬ ಸದ್ದು ಸ್ಪಷ್ಟವಾಗಿಲ್ಲದಿದ್ದರೆ ಫ್ರೀವೀಲನ್ನು ಬಿಚ್ಚಿ ತೊಳೆದು ತೆಳುವಾದ ಎಣ್ಣೆ ಹಾಕಿಕೊಡುವಂತೆ ಕೇಳಿ. ಸೈಕಲ್ ಮರಳಿಸಿದ ಸಂಜೆ ನಾನು ಇದನ್ನು ಒಡತಿಯವರಿಗೆ ಹೇಳಿದಾಗ ಅವರು ಮಾತು ಬೆಳೆಸಲಿಲ್ಲ. ಮಗನನ್ನು ಕರೆದು ಅಲ್ಲಿಯೇ ಗಾಲಿ ಬಿಚ್ಚಿಸಿದರು. ನಾವು ಬಸ್ಸಿಗೆ ಹೊರಟಾಗ ಆತ ಹಿತ್ತಿಲಿನ ಬಲ್ಬಿನ ಬೆಳಕಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ.