ಚಾಕ್‌ಡಸ್ಟ್ ಪತ್ರಿಕೆಯ ಸಂಖ್ಯಾಬಂಧ: ಪೆನ್ಸಿಲ್ಲಾ, ಪೈಥಾನಾ?

ಪದಬಂಧ ಬಿಡಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸುಡೊಕು ಹಿಡಿದು ಕೂರುವವರೂ ಕಡಿಮೆ ಇಲ್ಲ. ಸಂಖ್ಯಾಬಂಧದ ರುಚಿ ಹತ್ತಿಸಿಕೊಂಡವರು ಮಾತ್ರ ನನಗೆ ಅಪರೂಪವಾಗಿ ಸಿಗುತ್ತಾರೆ. ಪದಬಂಧದ ಹಾಗೇ ಮನೆಗಳು, ಹಾಗೇ ಸುಳಿವುಗಳು. ಆದರೆ ಪ್ರತಿ ಮನೆಯಲ್ಲೂ ಕೂರುವುದು ಒಂದು ಅಂಕಿ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನಾನು ಆಸೆಯಿಂದ ಕಾಯುವುದು ಚಾಕ್‌ಡಸ್ಟ್ ಪತ್ರಿಕೆಯಲ್ಲಿ ಬರುವ ಸಂಖ್ಯಾಬಂಧಕ್ಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಣಿತದ ವಿದ್ಯಾರ್ಥಿಗಳು 2015ರಲ್ಲಿ ಶುರುಮಾಡಿದ ಪತ್ರಿಕೆ ಇದು. ಆನ್‌ಲೈನಿನಲ್ಲಿ ಉಚಿತವಾಗಿ ಓದಬಹುದು.

ಇದು ಸುಲಭ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸುಳಿವುಗಳು ಒಂದರ ಹೆಗಲ ಮೇಲೆ ಇನ್ನೊಂದು ನಿಂತಿರುತ್ತವೆ. ಇದು ಅದರ ಅಪವರ್ತ್ಯ, ಅದು ಮತ್ತೊಂದರ ಅಪವರ್ತನ. ಎಲ್ಲಿಂದ ಶುರುಮಾಡುವುದು ಎಂದು ಹುಡುಕುವುದೇ ಅರ್ಧ ಕೆಲಸ. ಬಾಗಿಲು ತೆರೆಯುವುದು ಸಣ್ಣ ಸಂಗತಿಗಳಿಂದ. ವರ್ಗಸಂಖ್ಯೆಯ ಬಿಡಿ ಸ್ಥಾನದಲ್ಲಿ 0, 1, 4, 5, 6, 9 ಬಿಟ್ಟು ಬೇರೆ ಅಂಕಿ ಬರುವುದಿಲ್ಲ. ಎರಡಂಕಿಯ ಅವಿಭಾಜ್ಯ ಸಂಖ್ಯೆ ಕೊನೆಗೊಳ್ಳುವುದು 1, 3, 7 ಅಥವಾ 9ರಲ್ಲಿ. ಇವೆರಡರ ಕೊನೆಯ ಅಂಕಿ ಒಂದೇ ಮನೆಯಲ್ಲಿ ಸೇರಿದರೆ? 1 ಅಥವಾ 9, ಅಷ್ಟೇ. ಹತ್ತು ಸಾಧ್ಯತೆಗಳು ಎರಡಕ್ಕಿಳಿದಾಗ ಆಗುವ ಖುಷಿ ಇದೆಯಲ್ಲ, ಅದಕ್ಕೇ ನಾನು ಇದನ್ನು ಬಿಡಿಸುವುದು.

ಕಷ್ಟ ಇರಲಿ, ನನಗೆ ಸಂತೋಷವೇ. ನ್ಯಾಯ ಇದೆಯಾ ಅನ್ನುವುದು ನನಗೆ ಮುಖ್ಯ. ಪದಬಂಧದಲ್ಲಿ ತಪ್ಪು ಅಕ್ಷರ ತುಂಬಿದರೆ ಪದವೇ ಹೇಳಿಬಿಡುತ್ತದೆ, ಇಂಥ ಪದ ಇಲ್ಲ ಅಂತ. ಅಂಕಿಗಳಿಗೆ ಆ ಗುಣ ಇಲ್ಲ. 4837 ಆದರೂ ಸಂಖ್ಯೆ, 4887 ಆದರೂ ಸಂಖ್ಯೆ. ನೋಡಿದ ಕೂಡಲೇ ತಪ್ಪು ಗೊತ್ತಾಗುವುದಿಲ್ಲ. ಹಾಗಾಗಿ ಸಂಖ್ಯಾಬಂಧ ಕಟ್ಟುವವರ ಜವಾಬ್ದಾರಿ ಜಾಸ್ತಿ. ಪ್ರತಿ ಅಂಕಿಗೂ ಒಂದು ಕಾರಣ ಇರಬೇಕು. ಹುಡುಕಿದವರಿಗೆ ಅದು ಸಿಗಬೇಕು.

ಅಂಗಡಿಯಲ್ಲಿ ಕೊಂಡ ಒಂದು ಪುಸ್ತಕದಲ್ಲಿ (ಹೆಸರು ಬೇಡ) ಕೊನೆಗೆ ಒಂದೇ ಒಂದು ಮನೆ ಉಳಿದಿತ್ತು. ಸುಳಿವು 'ಅವಿಭಾಜ್ಯ ಸಂಖ್ಯೆ'. ಹತ್ತರ ಸ್ಥಾನದಲ್ಲಿ 1 ಆಗಲೇ ಬಂದಿತ್ತು. ಬಿಡಿ ಸ್ಥಾನದ ಮನೆಗೆ ಬೇರೆ ಯಾವ ಸಾಲೂ ತಾಗುತ್ತಿರಲಿಲ್ಲ. 11, 13, 17, 19, ನಾಲ್ಕೂ ಸರಿಹೊಂದುತ್ತಿದ್ದವು. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ಮಾತ್ರ 17! ಯಾಕೆ 17? ಅದಕ್ಕೆ ಕಾರಣವೇ ಇಲ್ಲ. ಇದನ್ನು ನಾನು ಅನ್ಯಾಯ ಅನ್ನುತ್ತೇನೆ. ಚಾಕ್‌ಡಸ್ಟ್‌ನವರು ಇಲ್ಲಿ ಮೊದಲೇ ಮಾತು ಕೊಡುತ್ತಾರೆ: ಬಿಡಿ ಬಿಡಿಯಾಗಿ ನೋಡಿದರೆ ಹಲವು ಸುಳಿವುಗಳಿಗೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು, ಆದರೆ ಪೂರ್ತಿ ಚೌಕ ತುಂಬುವ ದಾರಿ ಒಂದೇ. ಯಾವ ಸಂಖ್ಯೆಯೂ ಸೊನ್ನೆಯಿಂದ ಶುರುವಾಗುವುದಿಲ್ಲ.

ಅವರ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕೆಲವು ಸುಳಿವುಗಳಿಗೆ ಪೈಥಾನ್ (ಕಂಪ್ಯೂಟರಿಗೆ ಕೋಡು ಬರೆಯುವ ಒಂದು ಭಾಷೆ), ವಿಕಿಪೀಡಿಯ, ಪೂರ್ಣಾಂಕ ಶ್ರೇಣಿಗಳ ಆನ್‌ಲೈನ್ ವಿಶ್ವಕೋಶ ಇವನ್ನೆಲ್ಲ ಬಳಸುವುದು ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ಇದರ ಮೇಲೆ ನನಗೂ ನನ್ನ ಅಣ್ಣನ ಮಗನಿಗೂ ಸದಾ ಜಟಾಪಟಿ. ಅವನು ಸಾಫ್ಟ್‌ವೇರಿನಲ್ಲಿದ್ದಾನೆ. "ಅತ್ತೆ, ನೂರು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಬೇಕಾ? ನಾಲ್ಕು ಸಾಲು ಕೋಡು, ಮುಗೀತು" ಅನ್ನುತ್ತಾನೆ. "ಕೋಡು ಯಾಕೋ, ಅವಿಭಾಜ್ಯಗಳ ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸಿದ್ರೆ ಭಾಜಕಗಳ ಎಣಿಕೆ ಸಿಗುತ್ತೆ. 100 ಅಂದ್ರೆ 5×5×2×2. ಹಾಗಾಗಿ 2ರ ನಾಲ್ಕನೇ ಘಾತ, 3ರ ನಾಲ್ಕನೇ ಘಾತ, ಜೊತೆಗೆ 5 ಮತ್ತು 7. ಗುಣಿಸು, 45360" ಅಂತ ನಾನು. ಇಬ್ಬರಿಗೂ ಉತ್ತರ ಒಂದೇ. ಯಾಕೆ ಅದು ಉತ್ತರ ಅನ್ನುವುದು ಕಾಗದದಲ್ಲಿ ಕಾಣುತ್ತದೆ, ಅವನ ಪರದೆಯಲ್ಲಿ ಕಾಣುವುದಿಲ್ಲ.

ಆದರೆ ಅವನ ವಾದದಲ್ಲೂ ಹುರುಳಿದೆ. ಹತ್ತು ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳ ಮೊತ್ತ ಕೇಳಿದರೆ ಪೆನ್ಸಿಲ್ ಹಿಡಿದು ಕೂರುವುದು ಸುಮ್ನೆ ಹಿಂಸೆ. ಅಂಥ ಸುಳಿವು ಕೊಡುವವರು ಕಂಪ್ಯೂಟರ್ ಬೇಕಾಗುತ್ತದೆ ಅಂತ ಮೊದಲೇ ಹೇಳಿದರೆ ನನ್ನ ತಕರಾರಿಲ್ಲ. ಹೇಳದೆ ಕೊಟ್ಟರೆ ತಕರಾರಿದೆ. ಚಾಕ್‌ಡಸ್ಟ್ ಹೇಳುತ್ತದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ.

ಬರೀ ಪೆನ್ಸಿಲ್ಲೇ ಬೇಕು ಅನ್ನುವವರು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಲಿಸನರ್ ಪದಬಂಧದ ಕಡೆ ನೋಡಬಹುದು. 1930ರಲ್ಲಿ ಬಿಬಿಸಿಯ ವಾರಪತ್ರಿಕೆಯಲ್ಲಿ ಶುರುವಾಗಿ, ಆ ಪತ್ರಿಕೆ 1991ರಲ್ಲಿ ನಿಂತ ಮೇಲೆ ಟೈಮ್ಸ್‌ಗೆ ಬಂದದ್ದು. ವರ್ಷಕ್ಕೆ ನಾಲ್ಕು ಸಲ ಅಲ್ಲಿ ಸಂಖ್ಯಾಬಂಧ ಬರುತ್ತದೆ. ಅದಕ್ಕೆ ದುಡ್ಡು ಕೊಡಬೇಕು.

ಚಾಕ್‌ಡಸ್ಟ್‌ನಲ್ಲಿ ನನಗೆ ಹಿಡಿಸದ್ದು ಒಂದೇ. ಬಹುಮಾನಕ್ಕೆ ಪೂರ್ತಿ ಚೌಕ ಕಳಿಸಬೇಕಾಗಿಲ್ಲ. ಎಡದಿಂದ ಬಲಕ್ಕೆ ಬರುವ ಉತ್ತರಗಳ ಮೊತ್ತ ಕಳಿಸಿದರೆ ಸಾಕು. ಮೇಲಿಂದ ಕೆಳಕ್ಕೆ ಮಾತ್ರ ಸೇರಿದ ಮನೆಯಲ್ಲಿ ತಪ್ಪು ಅಂಕಿ ಇದ್ದರೂ ಮೊತ್ತ ಸರಿಯಾಗಿಯೇ ಇರುತ್ತದೆ. ಸರಿಯುತ್ತರ ಕಳಿಸಿದವರಲ್ಲಿ ಚೀಟಿ ಎತ್ತಿದ ಹಾಗೆ ಒಬ್ಬರನ್ನು ಆರಿಸುತ್ತಾರೆ. ಪ್ರತಿ ಮನೆಯನ್ನೂ ಮತ್ತೆ ಮತ್ತೆ ತಾಳೆ ನೋಡಿದವರಿಗೆ ಇದರಿಂದ ಸ್ವಲ್ಪ ಅನ್ಯಾಯ ಆಗುವುದಿಲ್ವಾ? ಬಹುಮಾನದ ಆಸೆ ಇಲ್ಲದವರಿಗೆ ಇದು ಲೆಕ್ಕಕ್ಕಿಲ್ಲ ಬಿಡಿ.

ಹಳೆಯ ಸಂಚಿಕೆಗಳೂ ಅವರ ಜಾಲತಾಣದಲ್ಲಿ ಸಿಗುತ್ತವೆ. ಸುಳಿವಿನ ಇಂಗ್ಲಿಷ್ ಸರಳ. ದ್ವಿತೀಯ ಪಿಯು ಮಕ್ಕಳು ಇಬ್ಬಿಬ್ಬರಾಗಿ ಕೂತು ಧೈರ್ಯವಾಗಿ ಹಿಡಿಯಬಹುದು. ಚೌಕವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಳ್ಳಿ. ಪ್ರತಿ ಮನೆಯ ಮೂಲೆಯಲ್ಲಿ ಉಳಿದ ಸಾಧ್ಯತೆಗಳನ್ನು ಚಿಕ್ಕದಾಗಿ ಬರೆದುಕೊಳ್ಳುವುದಕ್ಕೆ ಜಾಗ ಬೇಕಾಗುತ್ತದೆ.