ಸುರತ್ಕಲ್‌ನ ಸಂಡೇ ಸ್ಪೆಷಲ್: ನಾಲ್ಕು ಕಡೆ ಉಂಡು ನೋಡಿದ್ದು

ಜಗಳ ಶುರುವಾದದ್ದು ಬಾವನಿಂದ. ಅವರ ಪ್ರಕಾರ ರಜೆಯ ದಿನ ಹೊರಗೆ ಉಣ್ಣುವುದಾದರೆ ಬಫೆಯೇ ಆಗಬೇಕು. "ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬಬೇಕು ಮಾರಾಯ, ಒಂದು ಬಂಗುಡೆಗೆ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲುವುದು ಎಂತ ಕರ್ಮ?" ನಾನು ಬಿಸಿಲಲ್ಲಿ ನಿಲ್ಲುವ ಜಾತಿ. ಹಾಗಾಗಿ ನವೆಂಬರ್‌ನ ನಾಲ್ಕು ವಾರಾಂತ್ಯ ಸುರತ್ಕಲ್‌ನಲ್ಲೇ ನಾಲ್ಕು ಕಡೆ ಉಂಡು ಬಂದೆವು. ಮೂರು ಕಡೆ ಬಾವ ಜೊತೆಗಿದ್ದರು, ಎರಡು ಕಡೆ ಅಮ್ಮನೂ.

ಸುರತ್ಕಲ್ಲೇ ಯಾಕೆಂದರೆ, ಮಂಗಳೂರಿನಿಂದ ಹೆದ್ದಾರಿ 66ರಲ್ಲಿ ಕೂಳೂರು, ಪಣಂಬೂರು, ಬೈಕಂಪಾಡಿ ದಾಟಿ ಬಂದವರೆಲ್ಲ ಶನಿವಾರ, ಭಾನುವಾರ ಇಲ್ಲೇ ಇಳಿಯುತ್ತಾರೆ. ದೀಪಸ್ತಂಭ ನೋಡುವವರು, ಸದಾಶಿವ ದೇವಸ್ಥಾನಕ್ಕೆ ಬಂದವರು, ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು, ಎಲ್ಲರಿಗೂ ಮಧ್ಯಾಹ್ನ ಹಸಿವು. ಹಾಗಾಗಿ 'ಸಂಡೇ ಸ್ಪೆಷಲ್' ಬೋರ್ಡಿಗೆ ಬರವಿಲ್ಲ. ಹೊಟೇಲುಗಳ ಹೆಸರು ಹಾಕುವುದಿಲ್ಲ, ಒಂದೆರಡರ ಬಗ್ಗೆ ಒಳ್ಳೆಯದು ಹೇಳಲಿಕ್ಕಿಲ್ಲ.

ಮೊದಲು ಬಾವನ ಆಯ್ಕೆ. ಎ.ಸಿ. ಹಾಲ್, ಭಾನುವಾರದ ಸೀಫುಡ್ ಬಫೆ, ತಲೆಗೆ 799. ತೆರಿಗೆ ಸೇರಿ ಇಬ್ಬರಿಗೆ 1,678 ಆಯಿತು. ಹನ್ನೆರಡೂವರೆಗೆ ಒಳಗೆ ಹೋದಾಗ ಬಂಗುಡೆ ರವಾ ಫ್ರೈ ನಿಜಕ್ಕೂ ಚೆನ್ನಾಗಿತ್ತು, ಹಲ್ಲಿಗೆ ಸಿಕ್ಕಿದರೆ ಕರುಂ ಎನ್ನುವಷ್ಟು. ಬೇಕೆಂದೇ ಎರಡೂ ಕಾಲಿಗೆ ಮತ್ತೊಮ್ಮೆ ಅದನ್ನೇ ಹಾಕಿಸಿಕೊಂಡೆ. ಸ್ಟೀಲ್ ಮುಚ್ಚಳ ತೆಗೆದಾಗ ಒಳಗಿನ ಹನಿಗಳು ಸಾಲಾಗಿ ಮೀನಿನ ಮೇಲೆಯೇ ಬಿದ್ದವು. ಕೆಳಗೆ ಬಿಸಿನೀರು, ಮೇಲೆ ಮುಚ್ಚಳ, ನಡುವೆ ಹಬೆ: ರವೆ ಉಪ್ಪಿಟ್ಟಾಗಿತ್ತು. ಸಿಗಡಿ ಘೀ ರೋಸ್ಟ್‌ನದ್ದೂ ಅದೇ ಪಾಡು. ಸಿಗಡಿ ಬೇಯಲಿಕ್ಕೆ ಬೇಕಾದದ್ದು ಎರಡು ಮೂರು ನಿಮಿಷ. ಅದನ್ನು ಬಿಸಿಯ ಮೇಲೆ ಎರಡು ಗಂಟೆ ಕೂರಿಸಿದರೆ ರಬ್ಬರಾಗದೆ ಏನಾದೀತು? ಕೋಳಿ ಗಸಿ (ತೆಂಗು ಅರೆದ ಗಟ್ಟಿ ಸಾರು) ಮಾತ್ರ ಹೊತ್ತು ಕಳೆದಷ್ಟೂ ರುಚಿ ಏರಿತ್ತು. ಬಫೆಗೆ ಹೋಗಲೇಬೇಕಾದರೆ ಗಸಿ, ಸುಕ್ಕ (ತೆಂಗಿನತುರಿಯ ಒಣ ಮಸಾಲೆಯದ್ದು), ಸನ್ನಾ (ಇಡ್ಲಿಯಂಥ ಅಕ್ಕಿ ತಿಂಡಿ) ಹಿಡಿದುಕೊಳ್ಳಿ, ಕರಿದದ್ದನ್ನು ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿ. ಕುಡಿಯಲು ಕೊಟ್ಟ ಪುನರ್ಪುಳಿ (ಕೋಕಂ) ಶರಬತ್ತಿನಲ್ಲಿ ಸಕ್ಕರೆ ಇತ್ತು, ಬಣ್ಣ ಇತ್ತು, ಹುಳಿ ಇರಲಿಲ್ಲ.

ಎರಡನೆಯದು ನನ್ನದು. ಬೀಚ್ ರಸ್ತೆಯಿಂದ ಒಳಗೆ, ಶೀಟ್ ಮಾಡಿನ ಮನೆ ಹೊಟೇಲು. ಆರು ಮೇಜು. ಬಾಗಿಲ ಪಕ್ಕ ಕರಿಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಮೀನು.

"ಎಂತ ಉಂಟು ಅಕ್ಕ?"

"ಬಂಗುಡೆ ಉಂಟು, ನಂಗ್ ಮೀನು ಉಂಟು. ಅಂಜಲ್ ಮೂರೇ ತುಂಡು ಉಳಿದದ್ದು."

"ಕಾಣೆ ಮೀನು?"

"ದಕ್ಕೆಯಲ್ಲಿ ಇವತ್ತು ಕಾಣೆಗೆ ಮುಟ್ಲಿಕ್ಕೆ ಆಗದ ರೇಟು. ತರ್ಲಿಲ್ಲ ನಾವು."

ಆ 'ತರ್ಲಿಲ್ಲ' ಕೇಳಿಯೇ ನನಗೆ ಅರ್ಧ ಹೊಟ್ಟೆ ತುಂಬಿತು. ಫ್ಲೆಕ್ಸ್ ಬೋರ್ಡಿನಲ್ಲಿ ಅಚ್ಚು ಹಾಕಿಸಿದವರು ಕಾಣೆ ಇಲ್ಲ ಎನ್ನುವಂತಿಲ್ಲ. ಫ್ರೀಜರಿನ ತಳದಿಂದಾದರೂ ಎತ್ತಿ ಕೊಡಬೇಕು. ಇಲ್ಲಿ ಬೆಳಿಗ್ಗೆ ಬಂದರಿನ ದಕ್ಕೆಯಲ್ಲಿ ಕೈಗೆಟುಕಿದ್ದಷ್ಟೇ ಹಲಗೆಗೆ ಬರುತ್ತದೆ. ಹನ್ನೆರಡು ಐವತ್ತಕ್ಕೆ ಒಳಗಿಂದ ಹುಡುಗ ಒದ್ದೆ ಬಟ್ಟೆ ತಂದು 'ಅಂಜಲ್' ಒರೆಸಿ ಹೋದ.

ಮೀನೂಟ 100 ರೂಪಾಯಿ: ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಒಣ ಸಿಗಡಿ ಚಟ್ನಿ, ಉಪ್ಪಿನಕಾಯಿ, ಕೊನೆಗೆ ಪುನರ್ಪುಳಿ ಸಾರು. ಬಂಗುಡೆ ಫ್ರೈ ಬೇರೆ, 70. ಮಸಾಲೆ ಹಚ್ಚುವ ಮೊದಲು ಅಕ್ಕ ಕಿವಿರು ಎತ್ತಿ ತೋರಿಸಿದರು, ದಾಸವಾಳದ ಹಾಗೆ ಕೆಂಪು. ಮೈಗೆ ಎರಡೂ ಬದಿ ಮೂರು ಮೂರು ಗೀರು. ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ, ಜೀರಿಗೆ ಅರೆದದ್ದನ್ನು ಗೀರಿನೊಳಗೆ ಬೆರಳಲ್ಲಿ ತುರುಕಿ, ತೆಂಗಿನೆಣ್ಣೆ ಕಾದ ಕಾವಲಿಯ ಮೇಲೆ ಮಲಗಿಸಿದರು. ಆಮೇಲೆ ಅದನ್ನು ಮುಟ್ಟಲೇ ಇಲ್ಲ. ನಾವು ಮನೆಯಲ್ಲಿ ತಪ್ಪುವುದು ಇಲ್ಲೇ, ಸಟ್ಟುಗ ಹಾಕಿ ಹಾಕಿ ಮಸಾಲೆಯನ್ನೆಲ್ಲ ಕಾವಲಿಗೆ ಕೊಡುತ್ತೇವೆ. ತಳ ಕಪ್ಪಿಟ್ಟು ತಾನಾಗಿ ಬಿಟ್ಟ ಮೇಲೆ ಒಂದೇ ಸಲ ಮಗುಚಿದರು.

ದೋಷ ಹೇಳದಿದ್ದರೆ ಬಾವ ಬಿಡುವುದಿಲ್ಲ. ನಲವತ್ತು ನಿಮಿಷ ಕಾದೆವು. ಕಾರು ನಿಲ್ಲಿಸಲು ಜಾಗ ಇಲ್ಲ. ಗುರುತಿಲ್ಲದವರ ಜೊತೆ ಒಂದೇ ಮೇಜು, ಅವರು ಎದ್ದು ಹೋಗುವುದನ್ನೇ ಕಾಯುವ ಇನ್ನೊಬ್ಬರು ಬೆನ್ನ ಹಿಂದೆ. ಮಂಡಿ ನೋವಿನ ಅಮ್ಮನಿಗೆ ಆ ಬೆಂಚು ಆಗಿಬರಲಿಲ್ಲ.

ಮೂರನೆಯ ವಾರ ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಸಾರು. ಭಾನುವಾರ ಮಾತ್ರ ಮಾಡುವ ಸಣ್ಣ ಹೊಟೇಲು, ಒಂದು ಪ್ಲೇಟ್‌ಗೆ 180. ಸಾರಿಗೆ ತೆಂಗಿನ ಹಾಲು ಧಾರಾಳ. ರೊಟ್ಟಿ ಪ್ಯಾಕೆಟ್‌ನದ್ದೇ, ಅದರಲ್ಲಿ ನಾಚಿಕೆ ಇಲ್ಲ, ನಮ್ಮ ಮನೆಯಲ್ಲೂ ಅದೇ. ತಕರಾರು ಒಂದೇ: ಅಡುಗೆಮನೆಯಲ್ಲೇ ಸಾರು ಸುರಿದು ತಂದಿಟ್ಟರು, ಮೇಜಿಗೆ ಬರುವಾಗ ರೊಟ್ಟಿ ಅಂಬಲಿಯಾಗಿತ್ತು. ಎರಡನೇ ಪ್ಲೇಟ್‌ಗೆ "ಸಾರು ಬೇರೆ ಕೊಡಿ ಅಣ್ಣ" ಎಂದೆವು, ಕೊಟ್ಟರು, ಆಗ ಸರಿಹೋಯಿತು. ಬಾವನಿಗೆ ಅವರು ಉಂಡ ಮೂರರಲ್ಲಿ ಇದೇ ಹಿಡಿಸಿದ್ದು, ಕಾಯಬೇಕಾಗಿರಲಿಲ್ಲವಲ್ಲ.

ನಾಲ್ಕನೆಯದು ಶನಿವಾರ ಸಂಜೆ, ಟೆರೇಸ್ ಇರುವ ಬಾರ್ ಆಂಡ್ ರೆಸ್ಟೋರೆಂಟ್, ನಾನು ಮತ್ತು ಸ್ನೇಹಿತ. ಎರಡು ಬೀರಿಗೆ ಒಂದು ಪ್ಲೇಟ್ ಬೊಂಡಾಸ್ (ಸ್ಕ್ವಿಡ್) 'ಫ್ರೀ'. ಬಿಲ್ ಬಂದ ಮೇಲೆ ಲೆಕ್ಕ ಹಾಕಿದೆ: ಕೆಳಗಿನ ಹಾಲ್‌ನಲ್ಲಿ ಅದೇ ಬೀರಿಗೆ ಇರುವ ರೇಟಿಗಿಂತ ಬಾಟ್ಲಿಗೆ 90 ಹೆಚ್ಚು, ಬೊಂಡಾಸ್ ಪ್ಲೇಟ್ 190. ಅಂದರೆ ನಮಗೆ ಫ್ರೀ ಸಿಕ್ಕಿದ್ದು ಹತ್ತು ರೂಪಾಯಿ ಮತ್ತು ಕಡಲ ಗಾಳಿ. ಗಾಳಿಗೆ ಕೊಡಬಹುದು ಅನ್ನಿ. ಆಫರ್‌ನಲ್ಲಿ ಇಲ್ಲದ ಮರುವಾಯಿ (ಚಿಪ್ಪುಮೀನು) ಸುಕ್ಕ ತರಿಸಿದೆವು, ಅದು ಅವತ್ತಿನ ರಾಜ. ಚಿಪ್ಪಿನೊಳಗೆ ಹುರಿದ ತೆಂಗಿನತುರಿ ಹೊಕ್ಕಿತ್ತು, ಒಂದರಲ್ಲೂ ಮರಳಿಲ್ಲ. ಮರುವಾಯಿ ತೊಳೆಯುವವರ ತಾಳ್ಮೆ ನನಗಿಲ್ಲ, ಅದಕ್ಕೇ ಹೊರಗೆ ಸಿಕ್ಕಿದಲ್ಲೆಲ್ಲ ತಿನ್ನುತ್ತೇನೆ.

ಕುಡಿಯುವ ವಿಷಯ ಬಂದದ್ದರಿಂದ ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಮೂರ್ತೆದಾರರ, ಅಂದರೆ ಕಳ್ಳು ಇಳಿಸುವವರ ಸಂಘದ ಕಳ್ಳಿನಂಗಡಿಗಳು ಇವೆ. ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿ, ಸಂಜೆಗೆ ಹುಳಿ ಹಿಡಿದು ಮೂಗಿಗೆ ಏರುತ್ತದೆ. ಮೀನಿನ ಜೊತೆ ನನಗೆ ಹನ್ನೊಂದು ಗಂಟೆಯದ್ದೇ ಸರಿ. ಅಮ್ಮನಿಗೆ ಇದನ್ನು ಹೇಳಿಲ್ಲ.

ಈಗ ಪ್ರಶ್ನೆ, ಮತ್ತೆ ಎಲ್ಲಿಗೆ? ನನ್ನೊಬ್ಬನ ಮಟ್ಟಿಗೆ ಮನೆ ಹೊಟೇಲು, ಎರಡು ಮಾತಿಲ್ಲ. ಅಮ್ಮ ಜೊತೆಗಿದ್ದರೆ ಕೋರಿ ರೊಟ್ಟಿ, ಸಾರು ಬೇರೆ. ಬಫೆಗೆ ಹೋಗುವುದು ಹತ್ತು ಜನರ ಗುಂಪಿದ್ದು, ಅರ್ಧ ಮಂದಿ ಮೀನು ತಿನ್ನದವರಾದರೆ ಮಾತ್ರ. ಟೆರೇಸಿಗೆ ಮರುವಾಯಿಗೋಸ್ಕರ ಹೋಗುತ್ತೇನೆ, ಆಫರಿಗಲ್ಲ.

ಆದರೆ ಈ ತೀರ್ಪು ಮೇ ತಿಂಗಳವರೆಗೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಹಲಗೆಯಲ್ಲಿ ಎಂತ ಬರೆಯುತ್ತೀರಿ ಎಂದು ಅಕ್ಕನನ್ನು ಕೇಳಿದೆ. "ನಾಡದೋಣಿಯವರು ತಂದರೆ ಅದು. ಇಲ್ಲದಿದ್ದರೆ ಒಣಮೀನು. ಅದೂ ಇಲ್ಲದಿದ್ದರೆ ಮೊಟ್ಟೆ ಸಾರು ಅಂತ ಬರೆಯುದು" ಎಂದರು, ಕಾವಲಿಯಿಂದ ಕಣ್ಣು ತೆಗೆಯದೆ. ಹೋಗುವವರು ಹನ್ನೆರಡೂವರೆ ಒಳಗೆ ತಲುಪಿ, ಅಂಜಲ್ ಆಮೇಲೆ ಇರುವುದಿಲ್ಲ.